ನಡುವೆ ಇಳಿಯುತ್ತಿದ್ದ ವಿಮಾನಗಳ ಜಾಡಿನಲ್ಲಿ

ಇಂದು ದೂರದೂರಿಗೆ ವಿಮಾನದ ಟಿಕೆಟ್ ತೆಗೆಯುವವರು ಮೊದಲು ವಿಚಾರಿಸುವುದು, ನಡುವೆ ಎಲ್ಲಿಯಾದರೂ ಇಳಿಯಬೇಕೇ ಎಂದು. ಇಳಿಯಬೇಕಾಗಿಲ್ಲ ಎಂದರೆ ಅದೇ ದೊಡ್ಡ ಸೌಕರ್ಯ. ವಿಮಾನಯಾನದ ಸುವರ್ಣಯುಗವೆಂದು ನಾವು ಕರೆಯುವ ಕಾಲದಲ್ಲಿ, ಎಂದರೆ 1920ರ ದಶಕದಿಂದ 1960ರ ದಶಕದವರೆಗೆ, ಇಳಿಯದೆ ದೂರ ಹೋಗುವುದು ಬಹುಪಾಲು ಸಾಧ್ಯವೇ ಇರಲಿಲ್ಲ. ಇಂಧನ ತುಂಬಲು, ಅಂಚೆ ಚೀಲಗಳನ್ನು ಬದಲಿಸಲು, ಕತ್ತಲಾದರೆ ತಂಗಲು ವಿಮಾನಗಳು ಊರಿಂದೂರಿಗೆ ಇಳಿಯುತ್ತಾ ಸಾಗುತ್ತಿದ್ದವು. ಹಳೆಯ ಪ್ರಯಾಣಿಕ ವಿಮಾನಗಳ ಮೇಲೆ ನನಗಿರುವ ಪ್ರೀತಿಯಲ್ಲಿ ದೊಡ್ಡ ಪಾಲು ಈ ನಿಲುಗಡೆಗಳಿಗೆ ಸೇರಿದ್ದು. ಉಳಿದಿರುವ ಆ ವಿಮಾನಗಳಲ್ಲಿ ಕೆಲವನ್ನೂ, ಅವು ಇಳಿದು ಏರಿದ ಒಂದೆರಡು ತಾಣಗಳನ್ನೂ ಕಣ್ಣಾರೆ ಕಾಣಬೇಕೆಂದು ಸೆಪ್ಟೆಂಬರ್ ತಿಂಗಳಿನಲ್ಲಿ ಇಂಗ್ಲೆಂಡಿಗೂ ಐರ್ಲೆಂಡಿಗೂ ಹೋಗಿಬಂದೆ.

ಮೊದಲ ದಿನ: ಕ್ರಾಯ್ಡನ್

ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್‌ನ ಹಳೆಯ ವಿಮಾನ ನಿಲ್ದಾಣವನ್ನು ಬೇಕೆಂದ ದಿನ ಒಳಹೊಕ್ಕು ನೋಡಲಾಗದು. ಕಟ್ಟಡದ ಹೆಚ್ಚಿನ ಭಾಗದಲ್ಲಿ ಈಗ ಕಚೇರಿಗಳಿವೆ. ನಿಯಂತ್ರಣ ಗೋಪುರದಲ್ಲಿರುವ ಪುಟ್ಟ ವಸ್ತುಸಂಗ್ರಹಾಲಯವನ್ನು ಸ್ವಯಂಸೇವಕರು ಕೆಲವು ಭಾನುವಾರಗಳಂದು ಮಾತ್ರ ತೆರೆಯುತ್ತಾರೆ. ಆದ್ದರಿಂದ ಹೋಗಬಯಸುವವರು ಆ ಭಾನುವಾರ ಯಾವುದೆಂದು ಮೊದಲೇ ತಿಳಿದುಕೊಂಡು ಉಳಿದ ಪ್ರವಾಸವನ್ನು ಅದರ ಸುತ್ತ ಹೊಂದಿಸಿಕೊಳ್ಳುವುದು ಒಳ್ಳೆಯದು. ವ್ಯಾಡನ್ ರೈಲು ನಿಲ್ದಾಣದಲ್ಲಿ ಇಳಿದು ಪರ್ಲಿ ವೇ ಎಂಬ ಹೆದ್ದಾರಿಯ ಬದಿಯಲ್ಲಿ ನಡೆದೆ. ದೊಡ್ಡ ದೊಡ್ಡ ಮಳಿಗೆಗಳು, ಗೋದಾಮುಗಳು, ಬಿಡುವಿಲ್ಲದೆ ಹೋಗುವ ಲಾರಿಗಳು. ಇವುಗಳ ನಡುವೆ, ಕಂಬಗಳ ಮೇಲೆ ನಿಲ್ಲಿಸಿದ ನಾಲ್ಕು ಎಂಜಿನ್ನಿನ ಪುಟ್ಟ ಹೆರಾನ್ ವಿಮಾನವೊಂದು ಇದ್ದಕ್ಕಿದ್ದಂತೆ ಎದುರಾಗುತ್ತದೆ. 1959ರ ಸೆಪ್ಟೆಂಬರ್ 30ರಂದು ಕ್ರಾಯ್ಡನ್‌ನಿಂದ ಹೊರಟ ಕೊನೆಯ ಪ್ರಯಾಣಿಕ ವಿಮಾನ ಇದೇ ಮಾದರಿಯದು. ಅದಾದ ಮೇಲೆ ನಿಲ್ದಾಣವನ್ನು ಮುಚ್ಚಲಾಯಿತು.

1928ರಲ್ಲಿ ತೆರೆದ ಈ ಕಟ್ಟಡದೊಳಗೆ ಕಾಲಿಟ್ಟಾಗ ಮೊದಲು ಗಮನ ಸೆಳೆದದ್ದು ಟಿಕೆಟ್ ಕೊಡುತ್ತಿದ್ದ ಹಜಾರ. ಮೇಲಿನ ಗಾಜಿನಿಂದ ಬೆಳಕು ಸುರಿಯುತ್ತದೆ. ಹಜಾರದ ಅಳತೆ ಇಂದಿನ ಕಣ್ಣಿಗೆ ಬಹಳ ಚಿಕ್ಕದು. ಒಂದು ದೊಡ್ಡ ವಿಮಾನದ ಪ್ರಯಾಣಿಕರು ಒಟ್ಟಿಗೆ ಬಂದರೆ ಇಲ್ಲಿ ನಿಲ್ಲಲು ಜಾಗ ಸಾಲದು. ಆದರೆ ಆಗ ಒಂದು ವಿಮಾನಕ್ಕೆ ಹತ್ತಿಪ್ಪತ್ತು ಮಂದಿ ಸಿಕ್ಕಿದರೆ ಹೆಚ್ಚು. ಸಾಮಾನುಗಳನ್ನು ಮಾತ್ರವಲ್ಲದೆ ಪ್ರಯಾಣಿಕರನ್ನೂ ತೂಗಿಯೇ ವಿಮಾನಕ್ಕೆ ಬಿಡುತ್ತಿದ್ದರು. ಭಾರ ಹೆಚ್ಚಾದರೆ ಇಂಧನ ಕಡಿಮೆ ತುಂಬಬೇಕು, ಇಂಧನ ಕಡಿಮೆಯಾದರೆ ಇನ್ನೊಂದು ಕಡೆ ಇಳಿಯಬೇಕು. ಆ ಕಾಲದ ವಿಮಾನಯಾನದ ಲೆಕ್ಕವೆಲ್ಲ ಇದರಲ್ಲೇ ಅಡಗಿತ್ತು.

ಗೋಪುರದ ಕೋಣೆಗಳಲ್ಲಿ ಆಗಿನ ಬ್ರಿಟಿಷ್ ವಿಮಾನ ಸಂಸ್ಥೆ ಇಂಪೀರಿಯಲ್ ಏರ್‌ವೇಸ್‌ನ ಎಚ್‌ಪಿ-42 ವಿಮಾನದ ಚಿತ್ರಗಳ ಮುಂದೆ ಬಹಳ ಹೊತ್ತು ನಿಂತಿದ್ದೆ. ಹ್ಯಾಂಡ್ಲಿ ಪೇಜ್ ಕಂಪನಿ ಕಟ್ಟಿದ ಈ ಎರಡು ರೆಕ್ಕೆಸಾಲುಗಳ ಭಾರೀ ವಿಮಾನಗಳು ಇದ್ದದ್ದು ಎಂಟೇ ಎಂಟು. ಹ್ಯಾನಿಬಲ್, ಹೊರೇಷಿಯಸ್, ಹೆರಾಕ್ಲೀಸ್ ಎಂದು ಹಡಗುಗಳಿಗೆ ಇಡುವಂತೆ ಅವಕ್ಕೆ ಹೆಸರಿಟ್ಟಿದ್ದರು. ವೇಗ ಗಂಟೆಗೆ ಸುಮಾರು 100 ಮೈಲಿ. ಯುರೋಪಿನ ಮಾರ್ಗದಲ್ಲಿ 38 ಆಸನಗಳಿದ್ದರೆ ಪೂರ್ವದ ದೀರ್ಘ ಮಾರ್ಗದಲ್ಲಿ 24 ಮಾತ್ರ. ಅವುಗಳಲ್ಲಿ ಒಂದೂ ಇಂದು ಉಳಿದಿಲ್ಲ ಎಂಬುದು ನನಗೆ ಇಂದಿಗೂ ನಷ್ಟವೆನಿಸುತ್ತದೆ. ಚಿತ್ರದಲ್ಲಿ ಪ್ರಯಾಣಿಕರು ಬಿಳಿ ಬಟ್ಟೆ ಹಾಸಿದ ಮೇಜುಗಳ ಎದುರು ಕುಳಿತಿದ್ದಾರೆ, ಕಿಟಕಿಯ ಆಚೆಗೆ ರೆಕ್ಕೆಗಳನ್ನು ಹಿಡಿದಿಟ್ಟ ಕಂಬಿಗಳು ಕಾಣುತ್ತವೆ.

1929ರ ಮಾರ್ಚ್ 30ರಂದು ಇಲ್ಲಿಂದ ಕರಾಚಿಗೆ ವಿಮಾನ ಮಾರ್ಗ ಆರಂಭವಾಯಿತು. ದಾರಿಗೆ ಏಳು ದಿನ, ಒಂದು ಕಡೆಯ ದರ 130 ಪೌಂಡ್. ಒಬ್ಬ ಕಾರ್ಮಿಕನ ಅನೇಕ ತಿಂಗಳ ಸಂಬಳ. ಕ್ರಾಯ್ಡನ್‌ನಿಂದ ಬಾಸೆಲ್‌ವರೆಗೆ ವಿಮಾನ, ಅಲ್ಲಿಂದ ಜಿನೋವಾವರೆಗೆ ರೈಲು, ಮುಂದೆ ಮೆಡಿಟರೇನಿಯನ್ ಸಮುದ್ರದ ಮೇಲೆ ನೀರಿನಲ್ಲಿ ಇಳಿಯುವ ಹಾರುದೋಣಿ, ಅಲೆಕ್ಸಾಂಡ್ರಿಯಾದಿಂದ ಕರಾಚಿಗೆ ಮತ್ತೆ ನೆಲದ ವಿಮಾನ. ಈ ದಾರಿಯ ಕೊನೆಯ ತುಂಡು ಕನ್ನಡ ನೆಲದವರೆಗೂ ಬಂದಿತ್ತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಮುಂಬಯಿಗೆ ತಂದ ಅಂಚೆಯನ್ನು ಅವರ ಜೊತೆಗಾರ ಪೈಲಟ್ ನೆವಿಲ್ ವಿನ್ಸೆಂಟ್ ಅವರು ಬಳ್ಳಾರಿಯ ಮೂಲಕ ಮದರಾಸಿಗೆ ಮುಟ್ಟಿಸಿದರು. ಇಂಗ್ಲೆಂಡಿನಲ್ಲಿ ಅಂಚೆಪೆಟ್ಟಿಗೆಗೆ ಹಾಕಿದ ಪತ್ರವೊಂದು ಈ ಹಜಾರವನ್ನು ದಾಟಿ, ಬಳ್ಳಾರಿಯಲ್ಲಿ ಇಳಿದು ಮುಂದೆ ಹೋಗುವ ವ್ಯವಸ್ಥೆ ಅಂದು ಹುಟ್ಟಿಕೊಂಡಿತು.

ನಮ್ಮ ಗುಂಪಿಗೆ ಕಟ್ಟಡ ತೋರಿಸಿದ ವೃದ್ಧ ಮಹಿಳೆ ಇದೇ ಬಡಾವಣೆಯಲ್ಲಿ ಬೆಳೆದವರು. ಚಿಕ್ಕಂದಿನಲ್ಲಿ ತಂದೆ ಭಾನುವಾರದ ದಿನ ಅವರನ್ನು ವಿಮಾನ ನೋಡಲು ಕರೆತರುತ್ತಿದ್ದರಂತೆ. “ನಮ್ಮ ಮನೆಯವರು ಯಾರೂ ಇಲ್ಲಿಂದ ಹಾರಲಿಲ್ಲ. ಅದಕ್ಕೆ ಬೇಕಾದ ಹಣ ನಮ್ಮಲ್ಲಿ ಎಂದೂ ಇರಲಿಲ್ಲ. ಆದರೂ ಯಾವ ವಿಮಾನ ಎಷ್ಟು ಹೊತ್ತಿಗೆ ಎಲ್ಲಿಂದ ಬರುತ್ತದೆಂದು ನಮ್ಮ ಬೀದಿಯ ಮಕ್ಕಳಿಗೆಲ್ಲ ಗೊತ್ತಿತ್ತು” ಎಂದರು. ಸುವರ್ಣಯುಗದ ಮಾತು ಬಂದಾಗ ಈ ಸತ್ಯವನ್ನು ಬದಿಗಿಡಬಾರದು. ಆ ಚಿನ್ನ ಕೆಲವರ ಕೈಯಲ್ಲಿತ್ತು. ಉಳಿದವರ ಪಾಲಿಗೆ ಬಂದದ್ದು ಅದನ್ನು ಬೇಲಿಯ ಆಚೆಯಿಂದ ನೋಡುವ ಸಂತೋಷ.

ಹಿಂದಕ್ಕೆ ಬರುವಾಗ ಹಳೆಯ ಹಾರುಮೈದಾನವಾಗಿದ್ದ ರೌಂಡ್‌ಷಾ ಬಯಲಿನ ಮೇಲೆ ನಡೆದೆ. ಅರ್ಧ ದಾರಿಯಲ್ಲಿ ಗಾಳಿಯೊಡನೆ ಮಳೆ ಹಿಡಿಯಿತು. ನಿಲ್ಲಲು ಒಂದು ಮರವೂ ಇಲ್ಲದ ಹುಲ್ಲುಗಾವಲು. ಮೈಯೆಲ್ಲ ತೊಯ್ದು ಬೀದಿ ಸೇರಿದಾಗ ಅಲ್ಲಿನ ರಸ್ತೆಯ ಫಲಕದಲ್ಲಿ ಮೊಲ್ಲಿಸನ್ ಡ್ರೈವ್ ಎಂಬ ಹೆಸರಿತ್ತು. 1930ರ ಮೇ 5ರಂದು ಇದೇ ಮೈದಾನದಿಂದ ಒಬ್ಬರೇ ಹೊರಟು 19 ದಿನಗಳಲ್ಲಿ ಆಸ್ಟ್ರೇಲಿಯದ ಡಾರ್ವಿನ್ ತಲುಪಿದ ಏಮಿ ಜಾನ್ಸನ್, ಮುಂದೆ ಮದುವೆಯಾದದ್ದು ಜಿಮ್ ಮೊಲ್ಲಿಸನ್ ಎಂಬ ಪೈಲಟ್‌ರನ್ನು.

ಎರಡನೆಯ ದಿನ: ಡಕ್ಸ್‌ಫರ್ಡ್

ಕೇಂಬ್ರಿಜ್‌ನ ದಕ್ಷಿಣಕ್ಕಿರುವ ಡಕ್ಸ್‌ಫರ್ಡ್ ಯುದ್ಧಕಾಲದ ವಾಯುನೆಲೆ, ಈಗ ದೊಡ್ಡ ವಸ್ತುಸಂಗ್ರಹಾಲಯ. ಹೆಚ್ಚಿನವರು ಯುದ್ಧವಿಮಾನಗಳಿಗಾಗಿ ಬರುತ್ತಾರೆ. ನಾನು ಬಂದದ್ದು ಡ್ರಾಗನ್ ರಾಪೀಡ್ ವಿಮಾನದಲ್ಲಿ ಹಾರಲು. 1934ರಲ್ಲಿ ಮೊದಲು ಹಾರಿದ ಈ ಮಾದರಿಯ ವಿಮಾನಗಳಲ್ಲಿ ಕೆಲವು ಇಂದಿಗೂ ಡಕ್ಸ್‌ಫರ್ಡ್‌ನಿಂದ ಪ್ರಯಾಣಿಕರನ್ನು ಕರೆದೊಯ್ಯುತ್ತವೆ. ಹಣ ಕೊಟ್ಟು ನಿಜವಾಗಿ ಹತ್ತಿ ಹಾರಬಹುದಾದ ಯುದ್ಧಪೂರ್ವ ಮಾದರಿಯ ಪ್ರಯಾಣಿಕ ವಿಮಾನಗಳು ಜಗತ್ತಿನಲ್ಲಿ ಬಹಳ ಇಲ್ಲ. ಬೆಳಗಿನ ಹಾರಾಟಕ್ಕೆ ಹೆಸರು ಕೊಟ್ಟಿದ್ದೆ. ತಲುಪಿದಾಗ ಮೈದಾನದ ಆಚೆಯ ಅಂಚೂ ಕಾಣದಷ್ಟು ಮಂಜು. ಸೆಪ್ಟೆಂಬರಿನಲ್ಲಿ ಹೋಗುವವರು ಮಧ್ಯಾಹ್ನದ ಹಾರಾಟವನ್ನೇ ಆರಿಸಿಕೊಳ್ಳಬೇಕೆಂದು ಅಲ್ಲಿನ ಕೆಲಸಗಾರರೇ ಹೇಳಿದರು. ಬೆಳಗಿನ ಹಾರಾಟ ಮುಂದಕ್ಕೆ ಹೋಯಿತು, ನಾನು ನಿಂತಿರುವ ವಿಮಾನಗಳ ಕಡೆಗೆ ಹೋದೆ.

ಡಕ್ಸ್‌ಫರ್ಡ್‌ನಲ್ಲಿರುವ ಬ್ರಿಟಿಷ್ ಪ್ರಯಾಣಿಕ ವಿಮಾನಗಳ ಸಂಗ್ರಹ ಬಹಳ ಸಮೃದ್ಧವಾದದ್ದು. ವೈಕೌಂಟ್, ಬ್ರಿಟಾನಿಯಾ, ಟ್ರೈಡೆಂಟ್, ವಿಸಿ-10 ಎಲ್ಲವೂ ಇವೆ. ಎಲ್ಲದರ ಬಗ್ಗೆಯೂ ಬರೆಯುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಜಿ-ಎಪಿಡಿಬಿ ಎಂಬ ನೋಂದಣಿಯ ಕಾಮೆಟ್ 4 ಎಂಬ ಜೆಟ್ ವಿಮಾನ. ಜೆಟ್ ವಿಮಾನವೊಂದು ಪ್ರಯಾಣಿಕರನ್ನು ಹೊತ್ತು ಅಟ್ಲಾಂಟಿಕ್ ಸಾಗರವನ್ನು ನಿಯತ ಸೇವೆಯಲ್ಲಿ ಮೊದಲ ಬಾರಿಗೆ ದಾಟಿದ್ದು 1958ರ ಅಕ್ಟೋಬರ್ 4ರಂದು. ಆ ದಿನ ಬ್ರಿಟನ್ನಿನ ಬಿಒಎಸಿ ಎಂಬ ವಿಮಾನ ಸಂಸ್ಥೆಯ ಎರಡು ಕಾಮೆಟ್‌ಗಳು ಎರಡು ದಿಕ್ಕಿನಿಂದ ಹೊರಟವು. ನ್ಯೂಯಾರ್ಕ್‌ನಿಂದ ಲಂಡನ್ನಿಗೆ ಬಂದದ್ದು ಈ ವಿಮಾನ, ಹಿಂದಿನಿಂದ ಬೀಸುವ ಗಾಳಿಯ ನೆರವಿನಿಂದ ಎಲ್ಲಿಯೂ ಇಳಿಯದೆ ಆರು ಗಂಟೆ ಚಿಲ್ಲರೆಯಲ್ಲಿ ದಾಟಿತು. ಲಂಡನ್ನಿನಿಂದ ಹೊರಟ ಅದರ ಜೊತೆಗಾರ ವಿಮಾನಕ್ಕೆ ಎದುರುಗಾಳಿ. ಅದು ಇಂಧನಕ್ಕಾಗಿ ನ್ಯೂಫೌಂಡ್‌ಲ್ಯಾಂಡಿನ ಗ್ಯಾಂಡರ್‌ನಲ್ಲಿ ಇಳಿಯಲೇಬೇಕಾಯಿತು, ಹತ್ತು ಗಂಟೆಗೂ ಹೆಚ್ಚು ಸಮಯ ಹಿಡಿಯಿತು. ನಿಲುಗಡೆಗಳ ಕಾಲ ಮುಗಿಯುವುದಕ್ಕೂ ಇನ್ನೂ ಮುಗಿದಿಲ್ಲ ಎನ್ನುವುದಕ್ಕೂ ಒಂದೇ ದಿನದ ಎರಡು ಹಾರಾಟಗಳು ಸಾಕ್ಷಿಯಾದವು.

ಮಧ್ಯಾಹ್ನ ಬಿಸಿ ಸೂಪು, ಬ್ರೆಡ್ಡು ತಿಂದು ಹೊರಗೆ ಬರುವಷ್ಟರಲ್ಲಿ ಮಂಜು ಹರಿದು ಆಕಾಶ ತಿಳಿಯಾಗಿತ್ತು. ರಾಪೀಡ್ ಹುಲ್ಲಿನ ಮೇಲೆ ಬಾಲ ಊರಿ, ಮೂತಿ ಎತ್ತಿ ನಿಂತಿರುತ್ತದೆ. ಹಿಂಬದಿಯ ಪುಟ್ಟ ಬಾಗಿಲಿನಿಂದ ಹತ್ತಿದವರು ತಲೆ ತಗ್ಗಿಸಿಕೊಂಡು, ಏರು ನೆಲದ ಮೇಲೆ ಕಾಲೂರುತ್ತಾ ಮುಂದಕ್ಕೆ ಹೋಗಬೇಕು. ಎಂಟು ಆಸನಗಳು, ಪ್ರತಿಯೊಬ್ಬರಿಗೂ ಒಂದು ಕಿಟಕಿ. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿ ಬಣ್ಣ ಬಳಿದು ಮಾಡಿದ ಒಡಲು, ಎರಡು ಗಿಪ್ಸಿ ಸಿಕ್ಸ್ ಎಂಜಿನ್ನುಗಳು, ಒಂದೊಂದಕ್ಕೂ ಸುಮಾರು 200 ಅಶ್ವಶಕ್ತಿ. ಮೂತಿಯಲ್ಲಿ ಪೈಲಟ್ ಒಬ್ಬರೇ ಕುಳಿತುಕೊಳ್ಳುತ್ತಾರೆ, ನಡುವೆ ಬೀಗ ಹಾಕಿದ ಬಾಗಿಲಿಲ್ಲ. ಅವರ ಕೈ ಯಾವ ಸನ್ನೆಯನ್ನು ಎಳೆಯಿತು, ಅದಕ್ಕೆ ಎಂಜಿನ್ನು ಹೇಗೆ ದನಿ ಬದಲಿಸಿತು ಎಂಬುದೆಲ್ಲ ಕಣ್ಣಿಗೂ ಕಿವಿಗೂ ನೇರವಾಗಿ ತಿಳಿಯುತ್ತದೆ.

ಓಟ ಆರಂಭವಾದ ಸ್ವಲ್ಪ ಹೊತ್ತಿಗೆ ಬಾಲ ಮೇಲೆದ್ದಿತು, ನೆಲ ಸಮವಾಯಿತು, ಮುಂದೆ ಬೇಲಿಯ ಗಿಡಗಳು ಕೆಳಗಾದವು. ಇಂದಿನ ವಿಮಾನದಲ್ಲಿ ನೆಲ ಬಿಟ್ಟದ್ದು ಹೊಟ್ಟೆಗೆ ಗೊತ್ತಾಗುತ್ತದೆ. ರಾಪೀಡ್‌ನಲ್ಲಿ ಕಣ್ಣಿಗೆ ಮೊದಲು ಗೊತ್ತಾಗುತ್ತದೆ, ಏಕೆಂದರೆ ಎಲ್ಲವೂ ನಿಧಾನ, ಎಲ್ಲವೂ ಹತ್ತಿರ. ರೆಕ್ಕೆಗಳ ನಡುವಿನ ತಂತಿಗಳು ಗಾಳಿಗೆ ನಡುಗುತ್ತಿದ್ದವು. ಕಟಾವಾದ ಹೊಲಗಳಲ್ಲಿ ಕಟ್ಟಿಟ್ಟ ಹುಲ್ಲಿನ ಉರುಳೆಗಳು, ಕಾಲುವೆಯ ದಂಡೆಯಲ್ಲಿ ಸೈಕಲ್ ತುಳಿಯುವವರು, ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರದ ನಾಲ್ಕು ಮೂಲೆಯ ಗೋಪುರಗಳು, ಎಲ್ಲವೂ ಬೆರಳಿಟ್ಟು ತೋರಿಸಬಹುದಾದಷ್ಟು ಸ್ಪಷ್ಟ. ಆದರೆ ಎಂಜಿನ್ನುಗಳ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸದು, ಬಿಸಿಗಾಳಿಯ ಮೇಲೆ ಹಾದಾಗಲೆಲ್ಲ ವಿಮಾನ ಎದ್ದು ಬೀಳುತ್ತದೆ, ಪೆಟ್ರೋಲಿನ ವಾಸನೆ ಒಳಗೇ ಇರುತ್ತದೆ. ಈ ಸದ್ದಿನಲ್ಲಿ, ಈ ಕುಲುಕಾಟದಲ್ಲಿ ದಿನವಿಡೀ ಕುಳಿತು ಸಾಗಿದವರಿಗೆ ನಡುವಿನ ನಿಲುಗಡೆ ಎಷ್ಟು ಹಿತವಾಗಿದ್ದಿರಬೇಕೆಂದು ಇಳಿದ ಮೇಲೆ ಹುಲ್ಲಿನ ಮೇಲೆ ನಿಂತಾಗ ಚೆನ್ನಾಗಿ ಅರ್ಥವಾಯಿತು.

ಸಂಜೆ ವಿಟಲ್ಸ್‌ಫರ್ಡ್ ನಿಲ್ದಾಣದಲ್ಲಿ ನಾನು ಹಿಡಿಯಬೇಕಾದ ರೈಲು ರದ್ದಾಗಿತ್ತು. ಅದೇ ರಾಪೀಡ್‌ನಲ್ಲಿ ನನ್ನ ಹಿಂದೆ ಕುಳಿತಿದ್ದ ನಿವೃತ್ತ ಎಂಜಿನಿಯರ್ ಒಬ್ಬರು ಬೆಂಚಿನ ಮೇಲೆ ಸಿಕ್ಕರು. ವಿಮಾನದಲ್ಲಿ ಆಡಲಾಗದ ಮಾತುಗಳನ್ನೆಲ್ಲ ಅಲ್ಲಿ ಆಡಿದೆವು. ಬಟ್ಟೆ ಹೊದಿಸಿದ ವಿಮಾನ ಇಷ್ಟು ಕಾಲ ಉಳಿದದ್ದು ಹೇಗೆಂದು ಕೇಳಿದೆ. ಕೆಟ್ಟ ಭಾಗವನ್ನು ಬಡಗಿ ಮತ್ತೆ ಮಾಡಿಕೊಡಬಹುದು, ಬಟ್ಟೆಯನ್ನು ಮತ್ತೆ ಹೊದಿಸಬಹುದು, ಲೋಹದ ಒಳಗಿನ ಆಯಾಸವನ್ನು ಮಾತ್ರ ಹಾಗೆ ತೆಗೆಯಲಾಗದು ಎಂದು ಅವರು ಉತ್ತರಿಸಿದರು. ಮಾರನೆಯ ದಿನ ನೋಡಲಿರುವುದು ಅದನ್ನೇ ಎಂದು ನಾನು ಹೇಳಿದಾಗ ಅವರು ತಲೆದೂಗಿದರು.

ಮೂರನೆಯ ದಿನ: ಲಂಡನ್ ಕೋಲ್ನಿ

ಸುತ್ತಲೂ ಕಂದಕವಿರುವ ಸ್ಯಾಲಿಸ್‌ಬರಿ ಹಾಲ್ ಎಂಬ ಹಳೆಯ ಬಂಗಲೆ, ಅದರ ಪಕ್ಕದ ಹೊಲದಲ್ಲಿ, ರಾಪೀಡ್‌ ಮತ್ತು ಕಾಮೆಟ್‌ಗಳನ್ನು ಕಟ್ಟಿದ ಡಿ ಹ್ಯಾವಿಲ್ಯಾಂಡ್ ಕಂಪನಿಯ ಹೆಸರಿನ ವಿಮಾನ ಸಂಗ್ರಹಾಲಯ. ಯುದ್ಧಕಾಲದಲ್ಲಿ ಮಸ್ಕಿಟೊ ವಿಮಾನದ ವಿನ್ಯಾಸ ನಡೆದದ್ದು ಈ ಬಂಗಲೆಯಲ್ಲೇ; ಮರದಿಂದ ಮಾಡಿದ ಅದರ ಮೊದಲ ಮಾದರಿ ಇಂದಿಗೂ ಇಲ್ಲಿದೆ. ಸೇಂಟ್ ಆಲ್ಬನ್ಸ್ ಕಡೆಯಿಂದ ಬಂದ ಬಸ್ಸು ಹೆದ್ದಾರಿಯಲ್ಲಿ ಇಳಿಸಿ ಹೋಯಿತು. ಮುಂದೆ ಕಿರಿದಾದ ಗಲ್ಲಿದಾರಿ, ಎರಡೂ ಕಡೆ ಕಪ್ಪು ಬೆರ್ರಿ ಹಣ್ಣುಗಳು ಮಾಗಿ ನಿಂತ ಮುಳ್ಳುಪೊದೆ, ಮರಗಳ ಹಿಂದಿನಿಂದ ಎಂ25 ಹೆದ್ದಾರಿಯ ನಿಲ್ಲದ ಮೊರೆತ.

ಇಲ್ಲಿಗೆ ಬಂದದ್ದು ಕಾಮೆಟ್ 1ಎ ವಿಮಾನದ ಒಡಲಿಗಾಗಿ. ಏರ್ ಫ್ರಾನ್ಸ್ ಸಂಸ್ಥೆಯಲ್ಲಿ ಸೇವೆಯಲ್ಲಿದ್ದ ಈ ಒಡಲಿಗೆ ರೆಕ್ಕೆಗಳಿಲ್ಲ, ಆದರೆ ಚೌಕದ ಕಿಟಕಿಗಳು ಹಾಗೆಯೇ ಇವೆ. ಕಾಮೆಟ್ ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನ. 1949ರ ಜುಲೈ 27ರಂದು ಇಲ್ಲಿಗೆ ಹತ್ತಿರದ ಹ್ಯಾಟ್‌ಫೀಲ್ಡ್‌ನಿಂದ ಜಾನ್ ಕನಿಂಗ್‌ಹ್ಯಾಮ್ ಅದನ್ನು ಮೊದಲ ಸಲ ಹಾರಿಸಿದರು. 1952ರ ಮೇ 2ರಂದು ಜಿ-ಎಎಲ್‌ವೈಪಿ ಎಂಬ ಕಾಮೆಟ್ 36 ಪ್ರಯಾಣಿಕರೊಡನೆ ಲಂಡನ್ನಿನಿಂದ ಜೋಹಾನ್ಸ್‌ಬರ್ಗ್‌ಗೆ ಹೊರಟಿತು. ರೋಮ್, ಬೈರೂತ್, ಖಾರ್ಟೂಮ್, ಎಂಟೆಬೆ, ಲಿವಿಂಗ್‌ಸ್ಟನ್, ಇಷ್ಟು ಕಡೆ ಇಳಿದು ಏರಿ, ಒಂದು ಹಗಲು ಒಂದು ರಾತ್ರಿಯೊಳಗೆ ತಲುಪಿತು. ಪ್ರೊಪೆಲ್ಲರ್ ವಿಮಾನಗಳ ಕಂಪನಕ್ಕೆ ಒಗ್ಗಿದ್ದ ಪ್ರಯಾಣಿಕರಿಗೆ ಮೋಡಗಳ ಮೇಲಿನ ಆ ನಯವಾದ ಓಟ ಹೊಸ ಲೋಕದಂತೆ ಕಂಡಿತು.

ಅದೇ ಜಿ-ಎಎಲ್‌ವೈಪಿ 1954ರ ಜನವರಿ 10ರಂದು ರೋಮ್‌ನಿಂದ ಮೇಲೇರಿದ ಸ್ವಲ್ಪ ಹೊತ್ತಿನಲ್ಲಿ ಎಲ್ಬಾ ದ್ವೀಪದ ಬಳಿ ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿತ್ತು. 35 ಮಂದಿ ತೀರಿಕೊಂಡರು. ಏಪ್ರಿಲ್ 8ರಂದು ನೇಪಲ್ಸ್ ಬಳಿ ಇನ್ನೊಂದು ಕಾಮೆಟ್, 21 ಮಂದಿ. ಕಾಮೆಟ್‌ಗಳ ಹಾರಾಟ ನಿಂತಿತು. ಫಾರ್ನ್‌ಬರೋದ ಸಂಶೋಧನಾ ಸಂಸ್ಥೆಯಲ್ಲಿ ಸರ್ ಆರ್ನಾಲ್ಡ್ ಹಾಲ್ ಅವರ ನೇತೃತ್ವದ ತಂಡ ಇಡೀ ಕಾಮೆಟ್ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ನೀರಿನ ಒತ್ತಡವನ್ನು ಏರಿಸುತ್ತಾ ಇಳಿಸುತ್ತಾ ಹಾರಾಟದ ಮೇಲೆ ಹಾರಾಟವನ್ನು ಅನುಕರಿಸಿತು. ನೀರನ್ನು ಬಳಸಿದ್ದಕ್ಕೆ ಕಾರಣವಿದೆ: ಗಾಳಿ ತುಂಬಿದ ಒಡಲು ಒಡೆದರೆ ಸ್ಫೋಟವಾಗಿ ಚೂರುಚೂರಾಗುತ್ತದೆ, ನೀರು ತುಂಬಿದ್ದು ಬಿರಿದರೆ ಬಿರುಕು ಎಲ್ಲಿ ಹುಟ್ಟಿತೆಂದು ನೋಡಬಹುದು. ಅದು ಮೊದಲು ಸೇವೆಯಲ್ಲಿ ಹಾರಿದ್ದನ್ನೂ ಸೇರಿಸಿ 3,057 ಹಾರಾಟಗಳಷ್ಟು ಒತ್ತಡವಾದಾಗ ಒಡಲು ಬಿರಿಯಿತು. ಬಿರುಕು ಕಿಂಡಿಯ ಮೂಲೆಯಲ್ಲಿತ್ತು. ಸಮುದ್ರದಿಂದ ಎತ್ತಿದ ಚೂರುಗಳಲ್ಲೂ ಛಾವಣಿಯ ಆಂಟೆನಾ ಕಿಂಡಿಯ ಮೂಲೆಯಲ್ಲಿ ಅದೇ ಬಗೆಯ ಗುರುತು ಸಿಕ್ಕಿತು.

ಒಡಲಿನ ಪಕ್ಕ ನಿಂತಿದ್ದ ಸ್ವಯಂಸೇವಕರು ಯೌವನದಲ್ಲಿ ಹ್ಯಾಟ್‌ಫೀಲ್ಡ್ ಕಾರ್ಖಾನೆಯಲ್ಲಿ ಕೆಲಸ ಕಲಿತವರು. ನಾನು ಕಿಟಕಿಯನ್ನು ನೋಡುತ್ತಿದ್ದುದನ್ನು ಗಮನಿಸಿ ಹತ್ತಿರ ಬಂದರು. “ಎಲ್ಲರೂ ಕಿಟಕಿಯನ್ನೇ ನೋಡುತ್ತಾರೆ. ಅದರ ಸುತ್ತ ಇರುವ ರಿವೆಟ್‌ಗಳನ್ನೂ ನೋಡಿ” ಎಂದು ತಗಡುಗಳನ್ನು ಜೋಡಿಸುವ ಆ ಮೊಳೆಗಳ ಸಾಲನ್ನು ಬೆರಳಿನಿಂದ ತೋರಿಸಿದರು. ಮೂಲೆಗಳಲ್ಲಿ ಒತ್ತಡ ಕೂಡಿಕೊಳ್ಳುತ್ತದೆ, ತೆಳುವಾದ ತಗಡಿಗೆ ಹೊಡೆದ ರಿವೆಟ್ ರಂಧ್ರದ ಅಂಚಿನಲ್ಲಿ ಕಣ್ಣಿಗೆ ಕಾಣದ ಸೀಳು ಹುಟ್ಟುತ್ತದೆ, ಪ್ರತಿ ಏರಿಳಿತಕ್ಕೂ ಅದು ಕೂದಲೆಳೆಯಷ್ಟು ಬೆಳೆಯುತ್ತದೆ. ಹೊರಗೆ 40,000 ಅಡಿ ಎತ್ತರದ ತೆಳುಗಾಳಿ, ಒಳಗೆ 8,000 ಅಡಿಯಲ್ಲಿರುವಷ್ಟು ಗಾಳಿ. ಇಷ್ಟು ವ್ಯತ್ಯಾಸವನ್ನು ದಿನಕ್ಕೆ ಹಲವು ಸಲ ತಾಳಿಕೊಳ್ಳಬೇಕಾದ ಪ್ರಯಾಣಿಕ ವಿಮಾನ ಅದಕ್ಕೆ ಹಿಂದೆ ಇರಲಿಲ್ಲ. ಪ್ರತಿ ನಿಲುಗಡೆಯೂ ಒಡಲಿಗೆ ಒಂದು ಉಸಿರು ಒಳಗೆ, ಒಂದು ಉಸಿರು ಹೊರಗೆ. ನಾನು ಪ್ರೀತಿಯಿಂದ ಎಣಿಸುತ್ತಿದ್ದ ಆ ನಿಲುಗಡೆಗಳಿಗೆ ಲೋಹ ತನ್ನದೇ ಲೆಕ್ಕ ಇಟ್ಟಿತ್ತೆಂಬುದು ಆ ರಿವೆಟ್ ಸಾಲಿನ ಮುಂದೆ ನಿಂತಾಗ ಮನಸ್ಸಿಗೆ ನಾಟಿತು.

ಒಳಗೆ ಹತ್ತಿ ಸ್ವಲ್ಪ ಹೊತ್ತು ನಿಂತೆ. ಕಿಟಕಿಗಳು ನಿಜವಾಗಿ ದೊಡ್ಡವು, ಬೆಳಕು ಧಾರಾಳವಾಗಿ ಬರುತ್ತದೆ. ಪ್ರಯಾಣಿಕರಿಗೆ ಹೊರಗಿನದು ಚೆನ್ನಾಗಿ ಕಾಣಲೆಂಬ ಆಸೆಯಿಂದ ಮಾಡಿದ ಕಿಟಕಿಗಳವು. ಇಂದಿನ ವಿಮಾನಗಳ ದುಂಡಗಿನ ಕಿಟಕಿಗಳ ಹಿಂದೆ, ಒತ್ತಡದ ಪರೀಕ್ಷೆಗಳ ಹಿಂದೆ ಎಲ್ಬಾ ಮತ್ತು ನೇಪಲ್ಸ್‌ನಲ್ಲಿ ತೀರಿಕೊಂಡ 56 ಮಂದಿ ಇದ್ದಾರೆ. ಹಳೆಯ ವಿಮಾನಗಳನ್ನು ಮೆಚ್ಚುವವರು ಸೊಬಗಿನ ಚಿತ್ರಗಳನ್ನು ಮಾತ್ರ ನೋಡದೆ ಇಲ್ಲಿಗೂ ಬರಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ನಾಲ್ಕನೆಯ ದಿನ: ಬ್ರೂಕ್‌ಲ್ಯಾಂಡ್ಸ್

ವೇಬ್ರಿಜ್ ಬಳಿಯ ಬ್ರೂಕ್‌ಲ್ಯಾಂಡ್ಸ್ 1907ರಲ್ಲಿ ಮೋಟಾರು ಪಂದ್ಯಗಳಿಗಾಗಿ ಕಟ್ಟಿದ ಕಾಂಕ್ರೀಟ್ ಓಟದ ಹಾದಿ. ಗೋಡೆಯಂತೆ ಓರೆಯಾಗಿ ಎದ್ದ ಅದರ ತಿರುವಿನ ಒಂದು ಭಾಗ ಪಾಚಿ ಹಿಡಿದು ಮರಗಳ ನಡುವೆ ನಿಂತಿದೆ. ಹಾದಿಯ ನಡುವಿನ ಜಾಗದಲ್ಲಿ ವಿಕರ್ಸ್ ಕಂಪನಿಯ ವಿಮಾನ ಕಾರ್ಖಾನೆ ಬೆಳೆಯಿತು. ವೈಕೌಂಟ್ ಹುಟ್ಟಿದ್ದು ಈ ಕಂಪನಿಯಲ್ಲಿ. 1950ರ ಜುಲೈ 29ರಂದು ಅದರ ಮೊದಲ ಮಾದರಿ ಲಂಡನ್ನಿನಿಂದ ಪ್ಯಾರಿಸ್‌ಗೆ ಪ್ರಯಾಣಿಕರನ್ನು ಒಯ್ದಾಗ ಟರ್ಬೈನ್ ಎಂಜಿನ್ನಿನ ನಿಯತ ಪ್ರಯಾಣಿಕ ಸೇವೆ ಜಗತ್ತಿನಲ್ಲೇ ಮೊದಲ ಬಾರಿಗೆ ನಡೆಯಿತು. ಇಲ್ಲಿನ ವೈಕೌಂಟ್‌ನ ಅಂಡಾಕಾರದ ದೊಡ್ಡ ಕಿಟಕಿಯ ಪಕ್ಕ ಕುಳಿತರೆ ಎದ್ದು ಬರುವ ಮನಸ್ಸಾಗುವುದಿಲ್ಲ.

ನನ್ನ ಕಣ್ಣಿಗೆ ಅತ್ಯಂತ ಸುಂದರವಾದ ಜೆಟ್ ವಿಮಾನವೆಂದರೆ ವಿಸಿ-10. ನಾಲ್ಕೂ ಕಾನ್ವೆ ಎಂಜಿನ್ನುಗಳು ಬಾಲದ ಬಳಿ, ಮೇಲೆ ಎತ್ತರದ ಟಿ ಆಕಾರದ ಬಾಲ, ರೆಕ್ಕೆಗಳ ಮೇಲೆ ಎಂಜಿನ್ನಿನ ಅಡ್ಡಿಯೇ ಇಲ್ಲ. ಈ ರೂಪ ಅಂದಕ್ಕಾಗಿ ಬಂದದ್ದಲ್ಲ. ಆಫ್ರಿಕಾದಲ್ಲೂ ಏಷ್ಯಾದಲ್ಲೂ ಬಿಒಎಸಿ ವಿಮಾನಗಳು ಇಳಿಯಬೇಕಾದ ನಿಲುಗಡೆಗಳಲ್ಲಿ ಹಲವು ಬಿಸಿಲಿನವು, ಹಲವು ಎತ್ತರದವು, ರನ್‌ವೇಗಳು ಚಿಕ್ಕವು. ಬಿಸಿಲಲ್ಲಿ, ಎತ್ತರದಲ್ಲಿ ಗಾಳಿ ತೆಳುವಾಗಿ ರೆಕ್ಕೆಗೆ ಎತ್ತುವ ಶಕ್ತಿ ಕಡಿಮೆಯಾಗುತ್ತದೆ, ಎಂಜಿನ್ನಿನ ಬಲವೂ ತಗ್ಗುತ್ತದೆ. ಅದನ್ನು ಗೆಲ್ಲಲು ರೆಕ್ಕೆಯ ಪೂರ್ತಿ ಅಗಲವನ್ನೂ ಮೇಲೆತ್ತುವ ಕೆಲಸಕ್ಕೇ ಬಿಟ್ಟುಕೊಟ್ಟು ಎಂಜಿನ್ನುಗಳನ್ನು ಹಿಂದಕ್ಕೆ ಸರಿಸಿದರು. ನೈರೋಬಿಯಂತಹ ಊರುಗಳ ರನ್‌ವೇ ಈ ವಿಮಾನದ ಮೈಕಟ್ಟನ್ನು ತೀರ್ಮಾನಿಸಿತು. ಆದರೆ ಆ ಊರುಗಳು ರನ್‌ವೇಗಳನ್ನು ಉದ್ದ ಮಾಡಿಕೊಂಡ ಮೇಲೆ ವಿಸಿ-10ರ ಹೆಚ್ಚುಗಾರಿಕೆಗೆ ಬೆಲೆ ಉಳಿಯಲಿಲ್ಲ, ಅಗ್ಗವಾಗಿ ಹಾರುತ್ತಿದ್ದ ಅಮೆರಿಕದ ವಿಮಾನಗಳು ಮುಂದಾದವು. ಒಟ್ಟು 54 ವಿಸಿ-10ಗಳನ್ನು ಮಾತ್ರ ಕಟ್ಟಲಾಯಿತು.

ಇಲ್ಲಿರುವ ವಿಸಿ-10 ಓಮಾನ್ ಸುಲ್ತಾನರ ಸ್ವಂತ ಬಳಕೆಯಲ್ಲಿದ್ದದ್ದು. 1987ರಲ್ಲಿ ಅವರು ಅದನ್ನು ಕೊಡುಗೆಯಾಗಿ ಕೊಟ್ಟಾಗ, ತಾನು ಹುಟ್ಟಿದ ಈ ಚಿಕ್ಕ ರನ್‌ವೇಗೇ ಹಾರಿ ಬಂದು ಇಳಿಯಿತು. ಒಂದು ಹೆಂಗಸು ಪುಟ್ಟ ಮಗನಿಗೆ ಒಳಗಿನ ಮೆತ್ತನೆಯ ಆಸನಗಳನ್ನು ತೋರಿಸುತ್ತಿದ್ದಳು. ಆ ಹುಡುಗನಿಗೆ ಆಸನಗಳಲ್ಲಿ ಆಸಕ್ತಿಯಿರಲಿಲ್ಲ, ಎಂಜಿನ್ನು ಯಾಕೆ ಹಿಂದೆ ಇದೆ ಎಂದು ಕೇಳುತ್ತಲೇ ಇದ್ದ. ನಾನು ತಿಳಿದದ್ದನ್ನು ಹೇಳಿದೆ, ಅವನು ಹಾಗಾದರೆ ಬಾಲ ಭಾರವಾಗುವುದಿಲ್ಲವೇ ಎಂದು ಮತ್ತೆ ಕೇಳಿದ. ರೆಕ್ಕೆಗಳನ್ನೂ ಸ್ವಲ್ಪ ಹಿಂದಕ್ಕೆ ಜೋಡಿಸಿರುವುದನ್ನು ಕೆಳಗಿಳಿದು ಇಬ್ಬರೂ ನೋಡಿದೆವು.

ಪಕ್ಕದಲ್ಲೇ ಕಾಂಕಾರ್ಡ್. ಒಳಗೆ ಹೋಗಲು ಬೇರೆ ಟಿಕೆಟ್, ಬೆಳಗ್ಗೆ ಬಂದ ಕೂಡಲೇ ಸಮಯ ಗೊತ್ತುಮಾಡಿಕೊಂಡರೆ ಕಾಯುವುದು ತಪ್ಪುತ್ತದೆ. ಸಾಲಿಗೆ ನಾಲ್ಕು ಆಸನ, ಅಂಗೈ ಅಗಲದ ಕಿಟಕಿ, ತಲೆ ತಾಗುವಷ್ಟು ತಗ್ಗಿದ ಛಾವಣಿ. ಶಬ್ದದ ಎರಡು ಪಟ್ಟು ವೇಗ, 60,000 ಅಡಿ ಎತ್ತರ, ಗಾಳಿಯ ತಿಕ್ಕಾಟಕ್ಕೆ ಕಾದು ಒಡಲೇ ಹಿಗ್ಗುತ್ತಿದ್ದ ವಿಮಾನ. ಅದರ ಮುಂದೆ ಗೌರವದಿಂದ ನಿಂತೆ, ಆದರೂ ನನ್ನ ಮನಸ್ಸು ಅಲ್ಲಿ ನೆಲೆಸಲಿಲ್ಲ. 1976ರ ಜನವರಿ 21ರಂದು ಪ್ಯಾರಿಸ್‌ನಿಂದ ರಿಯೊಗೆ ಹೊರಟ ಮೊದಲ ಕಾಂಕಾರ್ಡ್ ಕೂಡ ಡಕಾರ್‌ನಲ್ಲಿ ಇಳಿದು ಇಂಧನ ತುಂಬಿಕೊಂಡಿತು ಎಂಬ ವಿವರವೊಂದೇ ನನ್ನನ್ನು ಅದಕ್ಕೆ ಹತ್ತಿರ ತಂದಿತು.

ಕೊನೆಯ ನಿಲುಗಡೆ: ಫೊಯ್ನ್ಸ್

ನಡುವೆ ಒಂದು ದಿನ ಪ್ರಯಾಣಕ್ಕೆ ಹೋಯಿತು. ಐರ್ಲೆಂಡಿನ ಲಿಮರಿಕ್‌ನಿಂದ ಶ್ಯಾನನ್ ನದಿಯ ದಕ್ಷಿಣ ದಂಡೆಯ ಎನ್69 ರಸ್ತೆಯಲ್ಲಿ ಬಾಡಿಗೆ ಕಾರು ಓಡಿಸಿಕೊಂಡು ಹೊರಟಾಗ ಮಳೆ ಸುರಿಯುತ್ತಿತ್ತು. ರಸ್ತೆ ಕಿರಿದು, ಎದುರಿನಿಂದ ಹಾಲಿನ ಟ್ಯಾಂಕರ್ ಬಂದರೆ ಬೇಲಿಗೆ ಒರಗಿಕೊಂಡೇ ನಿಲ್ಲಬೇಕು. ಒಂದು ತಿರುವಿನಲ್ಲಿ ಕಲ್ಲಿನ ಅಂಚಿಗೆ ತಾಗಿ ಟೈರು ಪಂಚರಾಯಿತು. ಪಕ್ಕದ ಹೊಲದ ರೈತರೊಬ್ಬರು ಕರೆಯದೆಯೇ ಬಂದು, ಮಳೆಯಲ್ಲೇ ಚಕ್ರ ಬದಲಿಸಲು ನೆರವಾದರು. ಫೊಯ್ನ್ಸ್‌ಗೆ ಹೋಗುತ್ತಿದ್ದೇನೆಂದು ಕೇಳಿ, ಬಂದರಿನ ಬಳಿ ಹೋದರೆ ನನ್ನ ಅಣ್ಣನನ್ನು ಮಾತಾಡಿಸಿ, ಅವನಿಗೆ ವಿಮಾನಗಳ ಕಥೆ ಗೊತ್ತು ಎಂದರು.

ಫೊಯ್ನ್ಸ್ ಒಂದು ಬೀದಿಯ ಊರು. 1937ರ ಜುಲೈನಲ್ಲಿ ಅಟ್ಲಾಂಟಿಕ್‌ನ ಪರೀಕ್ಷಾ ಹಾರಾಟಗಳಿಗೆ ಹಾರುದೋಣಿಗಳು ಇಲ್ಲಿ ಇಳಿದವು. 1939ರ ಜುಲೈನಲ್ಲಿ ಪ್ಯಾನ್ ಅಮೆರಿಕನ್ ಸಂಸ್ಥೆಯ ಯಾಂಕೀ ಕ್ಲಿಪ್ಪರ್ ಪ್ರಯಾಣಿಕರೊಡನೆ ಬಂದಿತು. ಅಂದಿನ ನಿಲ್ದಾಣದ ಕಟ್ಟಡವೇ ಇಂದಿನ ವಸ್ತುಸಂಗ್ರಹಾಲಯ. ಉಳಿದದ್ದನ್ನು ಬೇಗ ನೋಡಿ ಮುಗಿಸಿ, ಬೋಯಿಂಗ್ 314ರ ಪೂರ್ಣ ಗಾತ್ರದ ಪ್ರತಿಕೃತಿಯೊಳಗೆ ಹೆಚ್ಚು ಸಮಯ ಕಳೆಯುವುದು ಒಳ್ಳೆಯದು. ಕಟ್ಟಿದ್ದು ಹನ್ನೆರಡು, ಉಳಿದದ್ದು ಒಂದೂ ಇಲ್ಲ. ಆದ್ದರಿಂದ ಈ ಪ್ರತಿಕೃತಿಗೆ ಬೆಲೆ. ರೆಕ್ಕೆಗಳ ಅಗಲ 152 ಅಡಿ. ಹಗಲಿಗೆ 74 ಪ್ರಯಾಣಿಕರು ಕೂರಬಹುದಿತ್ತು, ಮಲಗಿಕೊಂಡು ಹೋಗುವುದಾದರೆ ಅದರ ಅರ್ಧದಷ್ಟು. ಊಟದ ಕೋಣೆ, ಮಡಿಸುವ ಮಂಚಗಳು, ಬಾಲದ ಬಳಿ ನವದಂಪತಿಗಳ ಕೋಣೆ. ಮೇಲಂತಸ್ತಿನಲ್ಲಿ ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್‌ನ ವಿಶಾಲವಾದ ಮೇಜು. ರಾತ್ರಿ ನಕ್ಷತ್ರಗಳ ಕೋನ ಅಳೆದು ಅವನು ವಿಮಾನದ ನೆಲೆ ಗುರುತಿಸಬೇಕಿತ್ತು.

1943ರ ಚಳಿಗಾಲದ ಒಂದು ರಾತ್ರಿ ಇಲ್ಲಿಂದ ಹೊರಟ ಹಾರುದೋಣಿಯೊಂದು ಕೆಟ್ಟ ಹವೆಯಿಂದಾಗಿ ಹಿಂದಿರುಗಿತು. ಚಳಿಯಲ್ಲಿ ನಡುಗುತ್ತಾ ಬಂದ ಪ್ರಯಾಣಿಕರಿಗೆ ಬಾಣಸಿಗ ಜೋ ಶೆರಿಡನ್ ಬಿಸಿ ಕಾಫಿಗೆ ಐರಿಷ್ ವಿಸ್ಕಿ ಬೆರೆಸಿ ಕೊಟ್ಟರೆಂದೂ ಐರಿಷ್ ಕಾಫಿ ಹುಟ್ಟಿದ್ದು ಹೀಗೆಂದೂ ಇಲ್ಲಿ ಹೇಳುತ್ತಾರೆ. ಅದನ್ನು ಮಾಡುವ ಬಗೆಯನ್ನು ನಮ್ಮೆದುರಿಗೆ ತೋರಿಸಿದರು: ಬಿಸಿ ಮಾಡಿದ ಗಾಜಿನ ಲೋಟ, ಕಂದು ಸಕ್ಕರೆ, ಕಡು ಕಾಫಿ, ವಿಸ್ಕಿ, ಮೇಲೆ ಅರ್ಧ ಕಡೆದ ಕೆನೆಯನ್ನು ಚಮಚದ ಬೆನ್ನ ಮೇಲಿಂದ ಹರಿಸಿದರೆ ಅದು ಮುಳುಗದೆ ತೇಲುತ್ತದೆ. ಕಲಕಬಾರದು. ಕಾರು ಓಡಿಸಬೇಕಾದ್ದರಿಂದ ನನ್ನ ಲೋಟಕ್ಕೆ ವಿಸ್ಕಿ ಹಾಕಿಸಿಕೊಳ್ಳಲಿಲ್ಲ. ತಣ್ಣನೆಯ ಕೆನೆಯ ಮೂಲಕ ಬಿಸಿ ಕಾಫಿ ಬರುವ ಸುಖ ಅದರಲ್ಲೂ ಇತ್ತು.

ರೈತರ ಅಣ್ಣ ದಕ್ಕೆಯ ಮೇಲೆ ಸಿಕ್ಕರು. ಎಂಬತ್ತರ ಆಸುಪಾಸಿನವರು. ಅವರ ತಾಯಿ ಹಾರುದೋಣಿಗಳ ಕಾಲದಲ್ಲಿ ಇಲ್ಲಿನ ಉಪಾಹಾರ ಗೃಹದಲ್ಲಿ ಬಡಿಸುತ್ತಿದ್ದರಂತೆ. ಯುದ್ಧದ ವರ್ಷಗಳಲ್ಲಿ ಯಾರು ಬಂದರು, ಯಾರು ಹೋದರು ಎಂದು ಮನೆಯಲ್ಲೂ ಬಾಯಿಬಿಡುತ್ತಿರಲಿಲ್ಲವಂತೆ. 1945ರಲ್ಲಿ ಹಾರುದೋಣಿಗಳು ನಿಂತು, ನೆಲದ ವಿಮಾನಗಳೆಲ್ಲ ನದಿಯ ಆಚೆ ದಂಡೆಯ ರಿನಾನ್ನಾಕ್ಕೆ, ಎಂದರೆ ಇಂದಿನ ಶ್ಯಾನನ್ ನಿಲ್ದಾಣಕ್ಕೆ ಹೋದಾಗ ತಾಯಿಯೂ ಅಲ್ಲಿ ಕೆಲಸಕ್ಕೆ ಸೇರಿದರು. ಮುಂದೆ ಮಗನೂ ಅಲ್ಲಿಯೇ ವಿಮಾನಗಳಿಗೆ ಇಂಧನ ತುಂಬುವ ಕೆಲಸ ಹಿಡಿದರು.

“ನಾನು ಸೇರಿದಾಗ ರಾತ್ರಿಯಿಡೀ ಕೆಲಸವಿರುತ್ತಿತ್ತು. ಆಮೇಲೆ ದೊಡ್ಡ ಜೆಟ್‌ಗಳು ಬಂದವು. ಒಂದೊಂದೇ ಕಂಪನಿ ಇಳಿಯುವುದನ್ನು ಬಿಟ್ಟಿತು. ಯಾವ ಸದ್ದು ಯಾವ ವಿಮಾನದ್ದೆಂದು ನಮಗೆ ಗೊತ್ತಿತ್ತು, ಅವು ಮೇಲಿನಿಂದಲೇ ಹೋಗುವುದನ್ನು ಕೇಳುತ್ತಿದ್ದೆವು” ಎಂದರು. ಆ ದಿನಗಳು ಮತ್ತೆ ಬರಬೇಕೆನಿಸುತ್ತದೆಯೇ ಎಂದು ಕೇಳಿದೆ. ಚಳಿಗಾಲದ ಗಾಳಿಯಲ್ಲಿ ರೆಕ್ಕೆಯ ಮೇಲೆ ನಿಂತು ಇಂಧನದ ಕೊಳವೆ ಹಿಡಿದವರಿಗೆ ಹಾಗೇನೂ ಅನಿಸುವುದಿಲ್ಲ, ಆದರೆ ಒಂದು ಗಂಟೆಯ ಮಟ್ಟಿಗಾದರೂ ಜಗತ್ತಿನ ಜನ ಕೆಳಗಿಳಿದು ತಮ್ಮೊಡನೆ ಹವಾಮಾನದ ಮಾತು ಆಡುತ್ತಿದ್ದರು, ಅದು ಇಷ್ಟವಾಗುತ್ತಿತ್ತು ಎಂದು ಹೇಳಿದರು. ನಾವೂ ಹವಾಮಾನದ ಮಾತನ್ನೇ ಆಡಿದೆವು. ಪಶ್ಚಿಮದಲ್ಲಿ ಮೋಡ ಮತ್ತೆ ಕಟ್ಟುತ್ತಿದೆ, ಪಂಚರಾದ ಚಕ್ರವನ್ನು ಆಸ್ಕೀಟನ್‌ನಲ್ಲಿ ಸರಿಮಾಡಿಸಿಕೊಂಡು ಕತ್ತಲಾಗುವ ಮೊದಲು ಲಿಮರಿಕ್ ಸುರಂಗ ದಾಟಿಬಿಡಿ, ಅಲ್ಲಿ ಸುಂಕ ಕಟ್ಟಲು ಚಿಲ್ಲರೆ ಇಟ್ಟುಕೊಳ್ಳಿ ಎಂದು ದಾರಿ ಹೇಳಿದರು. ಅವರು ಹೇಳಿದಂತೆಯೇ ಹೋದೆ. ನದಿಯ ಆಚೆ ದಂಡೆಯಲ್ಲೇ ಇರುವ ಶ್ಯಾನನ್ ನಿಲ್ದಾಣಕ್ಕೆ ಲಿಮರಿಕ್ ಸುತ್ತಿಕೊಂಡು ಹೋಗಲು, ಚಕ್ರದ ಕೆಲಸ ಬಿಟ್ಟು, ಒಂದು ಗಂಟೆಯಷ್ಟು ಹಿಡಿಯಿತು.